ಮೊಹರಿನ ಋಣ: ವಲಸೆ ಬಂದ ನಿರ್ದೇಶಕ ಬಿಲ್ಲಿ ವೈಲ್ಡರ್

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚೆನ್ನೈನಿಂದ ದೂರವಾಣಿ ಮಾಡಿದ್ದ. ಅಮೆರಿಕದ ದೂತಾವಾಸದ ಮುಂದೆ ಬೆಳಿಗ್ಗೆಯೇ ಸಾಲಿನಲ್ಲಿ ನಿಂತು, ವೀಸಾ ಮುಗಿಸಿಕೊಂಡು ಹೊರಬಂದವನು ಮೊದಲು ತನ್ನ ತಾಯಿಗೆ, ಅನಂತರ ನನಗೆ ಸುದ್ದಿ ಹೇಳಿದ. "ಸಾರ್, ಒಂದು ಕಟ್ಟು ಕಾಗದ ಜೋಡಿಸಿಕೊಂಡು ಹೋಗಿದ್ದೆ. ಆ ಅಧಿಕಾರಿ ಒಂದನ್ನೂ ನೋಡಲಿಲ್ಲ. ಎರಡು ಪ್ರಶ್ನೆ ಕೇಳಿದರು, ಸರಿ ಹೋಗಿ ಅಂದುಬಿಟ್ಟರು" ಎಂದ. ದನಿಯಲ್ಲಿ ಸಂತೋಷಕ್ಕಿಂತ ದಿಗ್ಭ್ರಮೆಯೇ ಹೆಚ್ಚಾಗಿತ್ತು. ಅವನ ಮುಂದಿದ್ದ ಹುಡುಗನನ್ನು ಅದೇ ಅಧಿಕಾರಿ ಅಷ್ಟೇ ಸಮಯದಲ್ಲಿ ಹಿಂದಕ್ಕೆ ಕಳುಹಿಸಿದ್ದರಂತೆ.

ಅವನಿಗೆ ಒಂದು ಕಥೆ ಹೇಳಬೇಕೆನ್ನಿಸಿತು. ಆದರೆ ಅದು ದೂರವಾಣಿಯಲ್ಲಿ ಮುಗಿಯುವ ಕಥೆಯಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಬರಹಗಳನ್ನು ಓದುವವರಲ್ಲಿ ಹಲವರು ಈಗ ಸಮುದ್ರದಾಚೆ ನೆಲೆಸಿರುವುದರಿಂದ ನಿಮಗೂ ಇದು ಬೇಕಾದೀತು.

1988ರ ಏಪ್ರಿಲ್‌ನಲ್ಲಿ ಆಸ್ಕರ್ ಪ್ರಶಸ್ತಿ ಸಮಾರಂಭದಲ್ಲಿ ಬಿಲ್ಲಿ ವೈಲ್ಡರ್ ಎಂಬ 81 ವರ್ಷದ ಮುದುಕನಿಗೆ ಜೀವಮಾನದ ಸಾಧನೆಗೆಂದು ಇರ್ವಿಂಗ್ ಥಾಲ್‌ಬರ್ಗ್ ಪುರಸ್ಕಾರವನ್ನು ನೀಡಲಾಯಿತು. ಇಂಥ ಸಂದರ್ಭದಲ್ಲಿ ಹೆಂಡತಿ ಮಕ್ಕಳನ್ನೂ ನಿರ್ಮಾಪಕರನ್ನೂ ನೆನೆಯುವುದು ವಾಡಿಕೆ. ವೈಲ್ಡರ್ ಮುಖ್ಯವಾಗಿ ನೆನೆದದ್ದು 54 ವರ್ಷಗಳ ಹಿಂದೆ ಮೆಕ್ಸಿಕೋ ದೇಶದ ಗಡಿಯಲ್ಲಿರುವ ಮೆಕ್ಸಿಕಾಲಿ ಎಂಬ ಊರಿನಲ್ಲಿ ತನ್ನ ಪಾಸ್‌ಪೋರ್ಟಿಗೆ ಮೊಹರು ಒತ್ತಿದ ಒಬ್ಬ ಸರ್ಕಾರಿ ಅಧಿಕಾರಿಯನ್ನು. ಆ ಅಧಿಕಾರಿಯ ಹೆಸರನ್ನು ಆತ ಹೇಳಲಿಲ್ಲ.

(ವೈಲ್ಡರನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಆಕ್ಷೇಪಿಸಬಾರದು. ದೇವರನ್ನೂ ಕವಿಗಳನ್ನೂ ಏಕವಚನದಲ್ಲಿ ಕರೆಯುವುದು ನಮ್ಮ ಸಲುಗೆ.)

ವೈಲ್ಡರ್ ಹುಟ್ಟಿದ್ದು 1906ರ ಜೂನ್ 22ರಂದು, ಆಗ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಸೂಖಾ ಎಂಬ ಸಣ್ಣ ಪಟ್ಟಣದಲ್ಲಿ. ಇಂದು ಅದು ಪೋಲೆಂಡಿನಲ್ಲಿದೆ. ಯೆಹೂದಿ ಕುಟುಂಬ. ತಂದೆ ರೈಲು ನಿಲ್ದಾಣಗಳಲ್ಲಿ ಉಪಾಹಾರ ಗೃಹಗಳನ್ನು ನಡೆಸುತ್ತಿದ್ದವರು. ಮಗುವಿಗೆ ಇಟ್ಟ ಹೆಸರು ಸ್ಯಾಮುಯೆಲ್. ತಾಯಿ ಯೂಜೀನಿಯಾ ಮಾತ್ರ ಅವನನ್ನು ಕರೆಯುತ್ತಿದ್ದುದು 'ಬಿಲ್ಲಿ' ಎಂದು. ಆಕೆ ಹುಡುಗಿಯಾಗಿದ್ದಾಗ ನ್ಯೂಯಾರ್ಕಿನ ಬಂಧುಗಳ ಮನೆಯಲ್ಲಿ ಕೆಲವು ವರ್ಷ ಇದ್ದು ಬಂದಿದ್ದಳು. ಅಲ್ಲಿ ಬಫಲೋ ಬಿಲ್ ಎಂಬ ಪ್ರಸಿದ್ಧ ಕುದುರೆ ಸವಾರನ ಪ್ರದರ್ಶನವನ್ನು ನೋಡಿ ಮರುಳಾಗಿದ್ದಳು. ಅಮೆರಿಕವನ್ನು ಕಣ್ಣಾರೆ ಕಂಡು, ಅಲ್ಲಿ ಉಳಿಯದೆ ಹಿಂದಿರುಗಿ, ಅದರ ಒಂದು ತುಣುಕನ್ನು ಮಗನ ಹೆಸರಿನಲ್ಲಿ ಇಟ್ಟುಕೊಂಡ ತಾಯಿ ಈಕೆ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೆ ಬರಬೇಕಾಗುತ್ತದೆ.

ಮೊದಲ ಮಹಾಯುದ್ಧದ ವೇಳೆಗೆ ಕುಟುಂಬ ವಿಯೆನ್ನಾಕ್ಕೆ ಬಂದಿತು. ಮಗ ವಕೀಲನಾಗಲಿ ಎಂಬುದು ಮನೆಯವರ ಆಸೆ. ಆತ ಪತ್ರಿಕಾ ವರದಿಗಾರನಾದ. 1926ರಲ್ಲಿ ಪಾಲ್ ವೈಟ್‌ಮನ್ ಎಂಬ ಅಮೆರಿಕದ ಸಂಗೀತಗಾರನ ತಂಡ ವಿಯೆನ್ನಾಕ್ಕೆ ಬಂದಾಗ ಅದರ ಬೆನ್ನು ಹಿಡಿದು ಬರ್ಲಿನ್‌ಗೆ ಹೋದವನು ಅಲ್ಲಿಯೇ ನಿಂತುಬಿಟ್ಟ. ಬರ್ಲಿನ್ನಿನಲ್ಲಿ ಹೊಟ್ಟೆಪಾಡಿಗೆ ಆತ ಮಾಡಿದ ಕೆಲಸಗಳಲ್ಲಿ ಒಂದನ್ನು ಹೇಳಲೇಬೇಕು. ದೊಡ್ಡ ಹೋಟೆಲೊಂದರಲ್ಲಿ ಒಂಟಿಯಾಗಿ ಬರುವ ಶ್ರೀಮಂತ ಹೆಂಗಸರೊಡನೆ ಹಣಕ್ಕಾಗಿ ನರ್ತಿಸುವ ಕೆಲಸ ಅದು. ಅದರ ಅನುಭವವನ್ನೇ ಬರೆದು ಪತ್ರಿಕೆಗೆ ಮಾರಿದ! ಕಂಡದ್ದನ್ನೆಲ್ಲ ಬರಹವಾಗಿಸುವ ಈ ಚಾಳಿ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

1930ರಲ್ಲಿ ಕೆಲವು ತರುಣರು ಸೇರಿ ಕೈಯಲ್ಲಿ ಕಾಸಿಲ್ಲದೆ ಒಂದು ಮೂಕಿ ಚಿತ್ರ ತೆಗೆದರು. ಭಾನುವಾರದ ರಜೆಯಲ್ಲಿ ಬರ್ಲಿನ್ನಿನ ಸಾಮಾನ್ಯ ಜನ ಏನು ಮಾಡುತ್ತಾರೆ ಎಂಬುದಷ್ಟೇ ಅದರ ವಸ್ತು. ನಟಿಸಿದವರು ವೃತ್ತಿನಟರಲ್ಲ. ಬರೆದವನು ವೈಲ್ಡರ್, ನಿರ್ದೇಶಿಸಿದವರು ರಾಬರ್ಟ್ ಸಿಯೋಡ್‌ಮ್ಯಾಕ್ ಮತ್ತು ಎಡ್ಗರ್ ಉಲ್ಮರ್, ಛಾಯಾಗ್ರಾಹಕನಿಗೆ ಸಹಾಯಕನಾಗಿದ್ದವನು ಫ್ರೆಡ್ ಜಿನ್ನೆಮನ್. ಹತ್ತು ವರ್ಷ ಕಳೆಯುವುದರೊಳಗೆ ಈ ನಾಲ್ವರೂ ಅಮೆರಿಕದಲ್ಲಿದ್ದರು. ಒಂದು ದೇಶ ತನ್ನ ಪ್ರತಿಭೆಯನ್ನು ತಾನೇ ಹೊಸಿಲಾಚೆ ಗುಡಿಸಿಹಾಕುವುದೆಂದರೆ ಹೀಗೆ.

1933ರ ಜನವರಿ ಕೊನೆಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಫೆಬ್ರವರಿ 27ರ ರಾತ್ರಿ ಬರ್ಲಿನ್ನಿನ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮುಂದೇನಾಗುವುದೆಂದು ಕಾದು ನೋಡೋಣ ಎಂದವರು ಬಹಳ ಮಂದಿ. ವೈಲ್ಡರ್ ಕಾಯಲಿಲ್ಲ. ಇದ್ದಬದ್ದ ಸಾಮಾನು ಮಾರಿ ಪ್ಯಾರಿಸ್ಸಿನ ರೈಲು ಹತ್ತಿದ. ಅಲ್ಲಿ ಆನ್ಸೋನಿಯಾ ಎಂಬ ಅಗ್ಗದ ಹೋಟೆಲಿನಲ್ಲಿ ಅವನಂತೆಯೇ ಓಡಿಬಂದವರು ತುಂಬಿದ್ದರು. ನಟ ಪೀಟರ್ ಲೊರ್ರೆ ಅಲ್ಲಿದ್ದ, ಸಂಗೀತ ನಿರ್ದೇಶಕ ಫ್ರಾಂಜ್ ವಾಕ್ಸ್‌ಮನ್ ಅಲ್ಲಿದ್ದ. ಪ್ಯಾರಿಸ್ಸಿನಲ್ಲಿ ಆತ ಅಲೆಕ್ಸಾಂಡರ್ ಎಸ್ವೇ ಎಂಬಾತನ ಜೊತೆಗೂಡಿ ಒಂದು ಫ್ರೆಂಚ್ ಚಿತ್ರವನ್ನು ನಿರ್ದೇಶಿಸಿದ. ಅದು ತೆರೆಗೆ ಬರುವ ಮುನ್ನವೇ ಹಾಲಿವುಡ್ಡಿನಿಂದ ಒಂದು ಕಥೆಗೆ ಕರೆ ಬಂದಿತ್ತು. 1934ರ ಜನವರಿಯಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದಿಳಿದ. ಅಣ್ಣ ಅಲ್ಲಿಗೆ ಮೊದಲೇ ಬಂದು ವ್ಯಾಪಾರ ಹೂಡಿಕೊಂಡಿದ್ದ. ತಂದೆ 1928ರಲ್ಲಿಯೇ ತೀರಿಕೊಂಡಿದ್ದರು. ತಾಯಿ ವಿಯೆನ್ನಾದಲ್ಲಿ ಉಳಿದಳು.

ಆತ ಬಂದದ್ದು ಸಂದರ್ಶಕನ ವೀಸಾದಲ್ಲಿ. ಕರೆಸಿಕೊಂಡ ಕಥೆ ಚಿತ್ರವಾಗಲಿಲ್ಲ, ವೀಸಾದ ಅವಧಿ ಮುಗಿಯುತ್ತ ಬಂತು. ಇಲ್ಲಿ ಅಂದಿನ ಕಾನೂನನ್ನು ಸ್ವಲ್ಪ ವಿವರಿಸದೆ ವಿಧಿಯಿಲ್ಲ. 1924ರ ವಲಸೆ ಕಾಯಿದೆಯ ಪ್ರಕಾರ ಅಮೆರಿಕವು ಪ್ರತಿ ದೇಶಕ್ಕೂ ವರ್ಷಕ್ಕೆ ಇಂತಿಷ್ಟೇ ಜನ ಎಂದು ಪಾಲು ಗೊತ್ತುಮಾಡಿತ್ತು. ನೋಡುತ್ತಿದ್ದುದು ನೀವು ಎಲ್ಲಿಯ ಪ್ರಜೆ ಎಂಬುದನ್ನಲ್ಲ, ಎಲ್ಲಿ ಹುಟ್ಟಿದಿರಿ ಎಂಬುದನ್ನು. 1930ರ ದಶಕದಲ್ಲಿ ಪೋಲೆಂಡಿನ ಪಾಲು ವರ್ಷಕ್ಕೆ 6,524. ಸಾಲದ್ದಕ್ಕೆ, 1930ರಲ್ಲಿ ಅಧ್ಯಕ್ಷ ಹೂವರ್ ಅವರ ಕಾಲದಲ್ಲಿ ಹೊರಟ ಒಂದು ಸೂಚನೆಯಂತೆ, ಬಂದವನು ಸರ್ಕಾರಕ್ಕೆ ಹೊರೆಯಾಗಬಹುದು ಎಂದು ಅಧಿಕಾರಿಗೆ ತೋರಿದರೆ ಅಷ್ಟಕ್ಕೇ ಅರ್ಜಿಯನ್ನು ತಳ್ಳಿಹಾಕಬಹುದಾಗಿತ್ತು. ಹೀಗಾಗಿ ಜರ್ಮನಿಯಿಂದ ಜನ ಜೀವ ಕೈಯಲ್ಲಿ ಹಿಡಿದು ಓಡಿಬರುತ್ತಿದ್ದ ಆ ಮೊದಲ ವರ್ಷಗಳಲ್ಲಿ ಜರ್ಮನಿಯ ಪಾಲು ಭರ್ತಿಯೇ ಆಗುತ್ತಿರಲಿಲ್ಲ. ಬಾಗಿಲಲ್ಲಿ ಜಾಗವಿತ್ತು, ಕಾವಲಿನವನಿಗೆ ಮನಸ್ಸಿರಲಿಲ್ಲ.

ನಮ್ಮವರ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಆ ಕಾಲದಲ್ಲಿ ಭಾರತೀಯನಿಗೆ ಅಲ್ಲಿ ನೆಲೆಸಲು ಹೋಗುವ ದಾರಿಯೇ ಇರಲಿಲ್ಲ. 1917ರ ಕಾಯಿದೆ ಏಷ್ಯದ ಬಹುಭಾಗಕ್ಕೆ ಬೇಲಿ ಹಾಕಿತ್ತು. 1946ರಲ್ಲಿ ನಮಗೆ ದೊರೆತ ಪಾಲು ವರ್ಷಕ್ಕೆ 100 ಜನ. ಜನಾಂಗದ ಲೆಕ್ಕದ ಈ ಪದ್ಧತಿ ಹೋದದ್ದು 1965ರ ಕಾಯಿದೆಯಿಂದ. ಇಂದು ನಿಮ್ಮಲ್ಲಿ ಒಬ್ಬ ಡೆಟ್ರಾಯ್ಟ್‌ನಲ್ಲಿಯೋ ಸ್ಯಾನ್ ಹೊಸೆಯಲ್ಲಿಯೋ ಕುಳಿತು ಇದನ್ನು ಓದುತ್ತಿದ್ದರೆ ಆ ಮೂರು ಇಸವಿಗಳನ್ನು ತಿಳಿದಿರುವುದು ಒಳ್ಳೆಯದು.

ಸಂದರ್ಶಕನಾಗಿ ಬಂದವನು ನಿವಾಸಿಯಾಗಬೇಕಾದರೆ ದೇಶದಿಂದ ಹೊರಗೆ ಹೋಗಿ ಯಾವುದಾದರೂ ಅಮೆರಿಕನ್ ದೂತಾವಾಸದಲ್ಲಿ ಹೊಸದಾಗಿ ಅರ್ಜಿ ಹಾಕಬೇಕಾಗಿತ್ತು. ಲಾಸ್ ಏಂಜಲಿಸ್‌ಗೆ ಹತ್ತಿರದಲ್ಲಿದ್ದುದು ಗಡಿಯಾಚೆಯ ಮೆಕ್ಸಿಕಾಲಿ. ಅಲ್ಲಿ ವರ್ಷಗಟ್ಟಲೆ ಕಾದು ಕುಳಿತವರಿದ್ದರು. ವೈಲ್ಡರ್ ಹೋದಾಗ ಅವನ ಬಳಿ ಇದ್ದುದು ಪಾಸ್‌ಪೋರ್ಟು, ಜನನ ಪತ್ರ, ಈತ ಒಳ್ಳೆಯವನು ಎಂದು ಪರಿಚಿತರು ಬರೆದುಕೊಟ್ಟಿದ್ದ ಕೆಲವು ಪತ್ರಗಳು. ಸ್ವಂತ ಊರಿನ ಪೊಲೀಸರಿಂದ ಸನ್ನಡತೆಯ ಪ್ರಮಾಣಪತ್ರ ತರಬೇಕಿತ್ತು. ಯಾವ ಪೊಲೀಸರಿಂದ ತಪ್ಪಿಸಿಕೊಂಡು ಬಂದಿದ್ದನೋ ಅವರ ಹತ್ತಿರವೇ ಹೋಗಿ ಕೇಳಬೇಕಾದ ಪತ್ರ ಅದು. ಇಷ್ಟು ಕಡಿಮೆ ಕಾಗದಗಳನ್ನು ಇಟ್ಟುಕೊಂಡು ಒಳಗೆ ಬಿಡಿ ಎಂದರೆ ಹೇಗೆ ಎಂದು ಅಧಿಕಾರಿ ಕೇಳಿದ. ವೈಲ್ಡರ್ ಇದ್ದ ಸಂಗತಿಯನ್ನು ಹೇಳಿದ. ನೀನು ಮಾಡುವ ಕೆಲಸವೇನು ಎಂದು ಅಧಿಕಾರಿ ಕೇಳಿದ. ಸಿನಿಮಾ ಬರೆಯುತ್ತೇನೆ ಎಂದ ವೈಲ್ಡರ್. ಅಧಿಕಾರಿ ಎದ್ದು, ಅವನನ್ನು ಅಳೆದು ನೋಡುತ್ತ ಕೋಣೆಯಲ್ಲಿ ಅತ್ತಿತ್ತ ಹೆಜ್ಜೆ ಹಾಕಿದ. ತಿರುಗಿ ಮೇಜಿಗೆ ಬಂದು ಮೊಹರು ಎತ್ತಿ ಒತ್ತಿದ. ಪಾಸ್‌ಪೋರ್ಟನ್ನು ಹಿಂದಿರುಗಿಸುತ್ತ, ಬರೆಯುವುದಾದರೆ ಒಳ್ಳೆಯವನ್ನೇ ಬರಿ ಎಂಬರ್ಥದ ಒಂದು ಮಾತು ಹೇಳಿದನಂತೆ.

ಅಂದಿನಿಂದ ಅದಕ್ಕೇ ಪ್ರಯತ್ನಿಸುತ್ತಿದ್ದೇನೆ, ಮೆಕ್ಸಿಕಾಲಿಯ ಆ ಪುಣ್ಯಾತ್ಮನನ್ನು ನಿರಾಸೆಗೊಳಿಸುವ ಧೈರ್ಯ ನನಗಿರಲಿಲ್ಲ ಎಂಬುದು ವೈಲ್ಡರನ 1988ರ ಮಾತಿನ ಸಾರ. ಕಥೆ ಹೆಣೆಯುವವರ ನೆನಪಿನಲ್ಲಿ ಸ್ವಲ್ಪ ಒಗ್ಗರಣೆ ಇದ್ದೇ ಇರುತ್ತದೆ. ಇದ್ದರೂ ಇರಲಿ. ಆ ಮೊಹರು ಬಿದ್ದದ್ದಂತೂ ನಿಜ.

ಈಗ ನನ್ನ ಕಸುಬಿಗೆ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಅಮೆರಿಕಕ್ಕೆ ಕಾಲಿಟ್ಟಾಗ ವೈಲ್ಡರನಿಗೆ 27 ವರ್ಷ. ಇಂಗ್ಲಿಷ್ ಬರುತ್ತಿರಲಿಲ್ಲವೆಂದೇ ಹೇಳಬೇಕು. ಚಿತ್ರಕಾರನಿಗೆ ಭಾಷೆ ಬೇಕಿಲ್ಲ, ಪಿಟೀಲಿನವನಿಗೆ ಬೇಕಿಲ್ಲ. ಬರೆಯುವವನಿಗೆ ನಾಲಗೆ ಹೋದರೆ ಕೈಯೇ ಹೋದ ಹಾಗೆ. ಅವನಂತೆಯೇ ಓಡಿಬಂದ ಎಷ್ಟೋ ದೊಡ್ಡ ಜರ್ಮನ್ ಲೇಖಕರು ಕ್ಯಾಲಿಫೋರ್ನಿಯದ ಬಿಸಿಲಿನಲ್ಲಿ ಒಬ್ಬರಿಗೊಬ್ಬರು ಜರ್ಮನ್ ಮಾತನಾಡಿಕೊಂಡು ಹಿಂದಿನದನ್ನು ನೆನೆಯುತ್ತ ಕಾಲ ಕಳೆದರು. ವೈಲ್ಡರ್ ಆ ಕೂಟಗಳಿಂದ ಬೇಕೆಂದೇ ದೂರವಿದ್ದ. ರೇಡಿಯೋದಲ್ಲಿ ಬೇಸ್‌ಬಾಲ್ ಆಟದ ವೀಕ್ಷಕ ವಿವರಣೆ ಕೇಳುತ್ತ ಮಲಗಿರುತ್ತಿದ್ದೆ, ಅದೇ ನನ್ನ ಪಾಠಶಾಲೆ ಎಂದು ಮುಂದೆ ಹೇಳಿಕೊಂಡಿದ್ದಾನೆ. ವ್ಯಾಕರಣದಿಂದಲ್ಲ, ಬೀದಿಯ ಮಾತಿನಿಂದ ಕಲಿತ. ವಿಯೆನ್ನಾದ ಉಚ್ಚಾರಣೆ ಸಾಯುವವರೆಗೂ ಹೋಗಲಿಲ್ಲ. ಹೋಗಬೇಕೆಂದು ಆತ ಹಟ ಹಿಡಿದಂತೆಯೂ ಕಾಣುವುದಿಲ್ಲ. ಮೂವತ್ತು ವರ್ಷಕ್ಕೂ ಮೀರಿ ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ನಾನು ಉಚ್ಚಾರಣೆ ತಿದ್ದುವುದಕ್ಕೆ ಎಷ್ಟು ಗಂಟೆಗಳನ್ನು ಕಳೆದೆನೋ! ಆ ಹೊತ್ತಿನಲ್ಲಿ ನಿಮಗೆಲ್ಲ ಒಂದೆರಡು ಒಳ್ಳೆಯ ಸಂಭಾಷಣೆಗಳನ್ನು ಓದಿ ಕೇಳಿಸಿದ್ದರೆ ಹೆಚ್ಚು ಉಪಕಾರವಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ನಮ್ಮ ದಕ್ಷಿಣದಲ್ಲೇ ಇದೆ. ಎಲ್ಲಿಸ್ ಡಂಗನ್ ಎಂಬ ಅಮೆರಿಕದವನು 1935ರಲ್ಲಿ ಭಾರತಕ್ಕೆ ಬಂದು, ತಮಿಳು ಕಲಿಯದೆಯೇ ಸುಮಾರು ಹದಿನೈದು ವರ್ಷ ತಮಿಳು ಚಿತ್ರಗಳನ್ನು ನಿರ್ದೇಶಿಸಿದ. ಎಂ.ಎಸ್. ಸುಬ್ಬುಲಕ್ಷ್ಮಿಯವರ 'ಮೀರಾ' ಅವನದೇ. ಡಂಗನ್ ಕಣ್ಣಿನಿಂದ ಕೆಲಸ ಮಾಡಿದ. ಬರೆಯುವವನಾಗಿದ್ದ ವೈಲ್ಡರನಿಗೆ ಕಿವಿಯೇ ಬೇಕಾಗಿತ್ತು.

1936ರಲ್ಲಿ ಪ್ಯಾರಾಮೌಂಟ್ ಸಂಸ್ಥೆ ಅವನನ್ನು ಚಾರ್ಲ್ಸ್ ಬ್ರ್ಯಾಕೆಟ್ ಎಂಬ ಲೇಖಕನಿಗೆ ಜೋಡಿ ಮಾಡಿತು. ಬ್ರ್ಯಾಕೆಟ್ ಸಿರಿವಂತರ ಮನೆಯವನು, ಕಾನೂನು ಓದಿದವನು, ಶುದ್ಧ ಇಂಗ್ಲಿಷಿನವನು. ಇವನು ನಿಂತಲ್ಲಿ ನಿಲ್ಲದ ಬೀದಿಯ ವರದಿಗಾರ. ದಿನವೂ ಜಗಳ, ದಿನವೂ ಬರವಣಿಗೆ. ಈ ಜೋಡಿ ಬರ್ಲಿನ್ನಿನಿಂದ ತಮಗಿಂತ ಮೊದಲೇ ಬಂದು ನೆಲೆಸಿದ್ದ ಅರ್ನ್ಸ್ಟ್ ಲುಬಿಚ್ ಎಂಬ ನಿರ್ದೇಶಕನಿಗೆ 1939ರಲ್ಲಿ 'ನಿನೋಚ್ಕಾ' ಬರೆದುಕೊಟ್ಟಿತು. ಲುಬಿಚ್‌ನನ್ನು ವೈಲ್ಡರ್ ಗುರುವೆಂದೇ ತಿಳಿದಿದ್ದ. ಇದೇ ದೃಶ್ಯವನ್ನು ಲುಬಿಚ್ ಆದರೆ ಹೇಗೆ ಮಾಡುತ್ತಿದ್ದ ಎಂದು ಕೇಳುವ ಒಂದು ಫಲಕವನ್ನು ತನ್ನ ಕಚೇರಿಯ ಗೋಡೆಗೆ ತೂಗುಹಾಕಿಕೊಂಡಿದ್ದ.

1941ರಲ್ಲಿ ಬಂದ 'ಹೋಲ್ಡ್ ಬ್ಯಾಕ್ ದ ಡಾನ್' ಚಿತ್ರದ ಕಥೆ ನಿಮಗೆ ಪರಿಚಿತವೆನ್ನಿಸೀತು. ಯುರೋಪಿನಿಂದ ಬಂದವನೊಬ್ಬ ಅಮೆರಿಕದ ವೀಸಾಕ್ಕಾಗಿ ಮೆಕ್ಸಿಕೋ ಗಡಿಯ ಹಾಳು ಹೋಟೆಲಿನಲ್ಲಿ ಕಾದು ಕುಳಿತಿದ್ದಾನೆ. ಬರೆದವರು ಈ ಜೋಡಿ, ನಿರ್ದೇಶಕ ಮಿಚೆಲ್ ಲೈಸೆನ್. ವೈಲ್ಡರ್ ಅದರಲ್ಲಿ ಒಂದು ದೃಶ್ಯ ಬರೆದಿದ್ದ. ಕೋಣೆಯ ಗೋಡೆಯ ಮೇಲೆ ಒಂದು ಜಿರಳೆ ಹತ್ತುತ್ತಿದೆ. ನಾಯಕ ಕೋಲು ಹಿಡಿದು ಅದನ್ನು ತಡೆದು, ಗಡಿ ಅಧಿಕಾರಿಯ ಗತ್ತಿನಲ್ಲಿ, ಎಲ್ಲಿಗೆ ಹೊರಟೆ, ನಿನ್ನ ವೀಸಾ ಎಲ್ಲಿ ಎಂದು ವಿಚಾರಣೆ ಮಾಡುತ್ತಾನೆ. ನಾಯಕನಟ ಚಾರ್ಲ್ಸ್ ಬೋಯೆ, ಉತ್ತರ ಕೊಡಲಾರದ ಜಿರಳೆಯೊಡನೆ ನಾನು ಮಾತನಾಡುವುದಿಲ್ಲವೆಂದ. ನಿರ್ದೇಶಕ ಒಪ್ಪಿ ದೃಶ್ಯವನ್ನು ಬಿಟ್ಟುಬಿಟ್ಟ. ವೈಲ್ಡರನಿಗೆ ರಕ್ತ ಕುದಿಯಿತು. ಅದು ಅವನಿಗೆ ಬರಿಯ ಹಾಸ್ಯದ ತುಣುಕಾಗಿರಲಿಲ್ಲ. ತನ್ನ ಮಾತನ್ನು ತಾನೇ ಕಾಯಬೇಕಾದರೆ ತಾನೇ ನಿರ್ದೇಶಕನಾಗಬೇಕು ಎಂದು ಹಟ ತೊಟ್ಟದ್ದಕ್ಕೆ ಈ ಜಿರಳೆಯೂ ಒಂದು ಕಾರಣ. ಮುಂದಿನ ವರ್ಷವೇ 'ದ ಮೇಜರ್ ಅಂಡ್ ದ ಮೈನರ್' ನಿರ್ದೇಶಿಸಿದ, ಅದು ಗೆದ್ದಿತು.

1944ರ 'ಡಬಲ್ ಇಂಡೆಮ್ನಿಟಿ' ವಿಮೆಯ ಹಣಕ್ಕಾಗಿ ಗಂಡನನ್ನು ಕೊಲ್ಲಿಸುವ ಹೆಂಗಸಿನ ಕಥೆ. ಇಂಥ ಕೊಳಕು ವಸ್ತು ನನಗೆ ಬೇಡವೆಂದು ಬ್ರ್ಯಾಕೆಟ್ ಹಿಂದೆ ಸರಿದ. ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಜೊತೆಗೂಡಿ ಬರೆದರು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರಾಗುತ್ತಿರಲಿಲ್ಲ. ಆದರೂ ಆ ಚಿತ್ರದ ಮಾತು ಹೇಗಿದೆ ನೋಡಿ. ವಿಮಾ ಏಜೆಂಟನ ಚುರುಕು ನಾಲಗೆ, ಅಂಗಡಿ ಬೀದಿಯ ಪೋಲಿ ಪದಗಳು, ಒಂದು ಪದವೂ ಹೆಚ್ಚಿಲ್ಲ. ಹತ್ತೇ ವರ್ಷಗಳ ಹಿಂದೆ ಆ ಭಾಷೆಯಲ್ಲಿ ಊಟ ತರಿಸಿಕೊಳ್ಳಲೂ ಕಷ್ಟಪಡುತ್ತಿದ್ದವನ ಪಾಲು ಅದರಲ್ಲಿದೆ ಎಂದರೆ ನಂಬಿಕೆ ಬರುವುದಿಲ್ಲ. ಹುಟ್ಟಿನಿಂದ ಒಂದು ಭಾಷೆಯಲ್ಲಿರುವವರಿಗೆ ಅದರ ಸದ್ದು ಕೇಳಿಸುವುದಿಲ್ಲ, ಗಾಳಿಯ ಹಾಗೆ. ಹೊರಗಿನಿಂದ ಬಂದವನಿಗೆ ಪ್ರತಿಯೊಂದು ಪದವೂ ಕಿವಿಗೆ ತಾಕುತ್ತದೆ. 1945ರಲ್ಲಿ ಕುಡುಕನೊಬ್ಬನ ಕಥೆಯಾದ 'ದ ಲಾಸ್ಟ್ ವೀಕೆಂಡ್' ಬಂತು. ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ, ನಟ, ನಾಲ್ಕೂ ಆಸ್ಕರ್ ಅದಕ್ಕೇ ಬಂದವು.

ಆದರೆ ಆ 1945ರ ಬೇಸಿಗೆಯಲ್ಲಿ ವೈಲ್ಡರ್ ಹಾಲಿವುಡ್ಡಿನಲ್ಲಿರಲಿಲ್ಲ. ಅಮೆರಿಕನ್ ಸೇನೆಯ ಪರವಾಗಿ, ಕರ್ನಲ್ ದರ್ಜೆಯಲ್ಲಿ, ಸೋತ ಜರ್ಮನಿಗೆ ಹೋಗಿದ್ದ. ಅಲ್ಲಿನ ಚಿತ್ರೋದ್ಯಮವನ್ನು ಮತ್ತೆ ಕಟ್ಟುವ ವಿಷಯದಲ್ಲಿ ಸಲಹೆ ಕೊಡುವುದು ಅವನ ಕೆಲಸ. ಅದರ ಜೊತೆಗೆ, ನಾಜಿಗಳ ಸೆರೆಶಿಬಿರಗಳಲ್ಲಿ ಸೈನ್ಯದವರು ತೆಗೆದ ಚಿತ್ರಗಳನ್ನು ಜೋಡಿಸಿ 'ಡೆತ್ ಮಿಲ್ಸ್' ಎಂಬ 22 ನಿಮಿಷದ ಸಾಕ್ಷ್ಯಚಿತ್ರ ಸಿದ್ಧವಾಗುತ್ತಿತ್ತು. ಅದರ ಮೇಲ್ವಿಚಾರಣೆಯಲ್ಲಿ ಅವನಿದ್ದ. ಶವಗಳ ರಾಶಿಯನ್ನು ಚೌಕಟ್ಟು ಚೌಕಟ್ಟಾಗಿ ನೋಡುವ ಕೆಲಸ. ವ್ಯೂರ್ಟ್ಸ್‌ಬುರ್ಗ್ ಎಂಬ ಊರಿನಲ್ಲಿ ಜರ್ಮನ್ ಪ್ರೇಕ್ಷಕರಿಗೆ ಅಂಥ ಚಿತ್ರವೊಂದನ್ನು ತೋರಿಸಿ, ಅಭಿಪ್ರಾಯ ಬರೆಯಲು ಚೀಟಿಗಳನ್ನೂ ಪೆನ್ಸಿಲುಗಳನ್ನೂ ಇಟ್ಟಿದ್ದರಂತೆ. ಬಹುಪಾಲು ಜನ ಮಧ್ಯದಲ್ಲೇ ಎದ್ದು ಹೋದರು. ಚೀಟಿಗಳು ಖಾಲಿಯಾಗಿಯೇ ಉಳಿದವು, ಪೆನ್ಸಿಲುಗಳು ಮಾತ್ರ ಮಾಯವಾಗಿದ್ದವು. ಇದನ್ನು ವೈಲ್ಡರನೇ ಹೇಳುತ್ತಿದ್ದ.

ಆ ಪ್ರಯಾಣದಲ್ಲಿ ಆತ ಹುಡುಕುತ್ತಿದ್ದುದು ತಾಯಿಯನ್ನು. 1935ರಲ್ಲಿ ಆತ ಒಮ್ಮೆ ವಿಯೆನ್ನಾಕ್ಕೆ ಹೋಗಿ, ನನ್ನ ಜೊತೆ ಬಂದುಬಿಡು ಎಂದು ಕರೆದಿದ್ದ. ಆಕೆ ಒಪ್ಪಲಿಲ್ಲ. ಮರುಮದುವೆಯಾಗಿದ್ದಳು, ಮನೆಯಿತ್ತು, ತನ್ನ ವಯಸ್ಸಾದ ತಾಯಿ ಇನ್ನೂ ಬದುಕಿದ್ದಳು. 1935ರಲ್ಲಿ ವಿಯೆನ್ನಾ ಇನ್ನೂ ಹಿಟ್ಲರನ ಕೈಗೆ ಹೋಗಿರಲಿಲ್ಲ. ಅದಕ್ಕೆ ಇನ್ನೂ ಮೂರು ವರ್ಷವಿತ್ತು. ಆಕೆಯನ್ನು ಅವಿವೇಕಿ ಎಂದು ಯಾರೂ ಹೇಳುವಂತಿಲ್ಲ. ನಾನಿಲ್ಲೇ ಚೆನ್ನಾಗಿದ್ದೇನೆ ಎಂದು ಹೇಳುವ ತಾಯಂದಿರನ್ನು ನಮ್ಮ ನೆಂಟರಿಷ್ಟರ ಮನೆಗಳಲ್ಲಿಯೂ ನೋಡಿದ್ದೇನೆ. ನನ್ನ ದೊಡ್ಡಮ್ಮ ಮಗನ ಬಳಿಗೆ ಹೋಗದೆ ಕೊನೆಯವರೆಗೂ ತುಳಸಿಕಟ್ಟೆ ಬಿಟ್ಟು ಕದಲಲಿಲ್ಲ. ಎರಡನ್ನೂ ಹೋಲಿಸುತ್ತಿಲ್ಲ, ಹೋಲಿಸಲೂ ಬಾರದು. ನನ್ನ ದೊಡ್ಡಮ್ಮ ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ ಕಣ್ಣು ಮುಚ್ಚಿದಳು.

ವೈಲ್ಡರನಿಗೆ ತಾಯಿಯ ಸುಳಿವು ಸಿಗಲಿಲ್ಲ. ತಾಯಿ, ಮಲತಂದೆ, ಅಜ್ಜಿ ಮೂವರೂ ಆಶ್‌ವಿಟ್ಜ್‌ನಲ್ಲಿ ಸತ್ತರೆಂದು ಆತ ಬಹುಕಾಲ ನಂಬಿಕೊಂಡಿದ್ದ. ಸಂದರ್ಶನಗಳಲ್ಲಿಯೂ ಹಾಗೆಯೇ ಹೇಳಿದ. ಆತ ತೀರಿಹೋದ ಸುಮಾರು ಹತ್ತು ವರ್ಷಗಳ ಮೇಲೆ ಸಂಶೋಧಕರು ಹಳೆಯ ದಾಖಲೆಗಳನ್ನು ಕೆದಕಿದಾಗ ಬೇರೆಯದೇ ಸಂಗತಿ ಹೊರಬಿತ್ತು. ಮಲತಂದೆಯನ್ನು 1942ರಲ್ಲಿ ಬೆಲ್ಜೆಟ್ಸ್ ಶಿಬಿರದಲ್ಲಿ ಕೊಲ್ಲಲಾಗಿತ್ತು. ಅಜ್ಜಿ 1943ರಲ್ಲಿ ಪೋಲೆಂಡಿನ ನೋವಿ ತಾರ್ಗ್ ಎಂಬ ಊರಿನ ಯೆಹೂದಿ ಕೇರಿಯಲ್ಲಿ ಸತ್ತಿದ್ದಳು. ತಾಯಿಯ ಪ್ರಾಣ 1943ರಲ್ಲಿ ಕ್ರಾಕೋವ್ ಬಳಿಯ ಪ್ಲಾಶೋವ್ ಶಿಬಿರದಲ್ಲಿ ಹೋಗಿತ್ತು. ಪ್ಲಾಶೋವ್ ಹೆಸರನ್ನು ಹಲವರು ಕೇಳಿರುತ್ತೀರಿ. ಸ್ಪೀಲ್‌ಬರ್ಗ್ 1993ರಲ್ಲಿ ತೆಗೆದ 'ಶಿಂಡ್ಲರ್ಸ್ ಲಿಸ್ಟ್' ಚಿತ್ರದ ಶಿಬಿರ ಅದೇ. ಆ ಪುಸ್ತಕವನ್ನು ಚಿತ್ರ ಮಾಡಬೇಕೆಂದು ವೈಲ್ಡರ್ ತನ್ನ ಇಳಿವಯಸ್ಸಿನಲ್ಲಿ ಬಹಳ ಆಸೆಪಟ್ಟಿದ್ದ, ತನ್ನವರ ನೆನಪಿಗಾಗಿ. ಹಕ್ಕು ಆಗಲೇ ಸ್ಪೀಲ್‌ಬರ್ಗ್ ಕೈಯಲ್ಲಿತ್ತು. ತಾನು ತೆಗೆಯಬೇಕೆಂದಿದ್ದ ಕಥೆಯ ಶಿಬಿರವೇ ತನ್ನ ತಾಯಿ ಸತ್ತ ಸ್ಥಳ ಎಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

1948ರ 'ಎ ಫಾರಿನ್ ಅಫೇರ್' ಚಿತ್ರಕ್ಕಾಗಿ ಬರ್ಲಿನ್ನಿನ ಅವಶೇಷಗಳ ನಡುವೆ ಚಿತ್ರೀಕರಣ ನಡೆಸಿದ. ಆ ಚಿತ್ರ ಹಾಸ್ಯದ್ದು! ಕಹಿಯನ್ನು ನಗೆಯಲ್ಲಿ ಬೆರೆಸಿ ಕೊಡುವುದು ಅವನ ಅಭ್ಯಾಸವಾಯಿತು. 1950ರಲ್ಲಿ 'ಸನ್‌ಸೆಟ್ ಬುಲೆವಾರ್ಡ್' ಬಂತು. ಮೂಕಿ ಚಿತ್ರಗಳ ಕಾಲ ಮುಗಿದು, ಮರೆತುಹೋದ ತಾರೆಯೊಬ್ಬಳು ಪಾಳುಬಿದ್ದ ಬಂಗಲೆಯಲ್ಲಿ ತಾನಿನ್ನೂ ರಾಣಿಯೆಂದು ತಿಳಿದಿರುವ ಕಥೆ. ಅದರ ಸಂಗೀತ ಪ್ಯಾರಿಸ್ಸಿನ ಆ ಅಗ್ಗದ ಹೋಟೆಲಿನಲ್ಲಿದ್ದ ವಾಕ್ಸ್‌ಮನ್‌ನದು. ಚಿತ್ರವನ್ನು ನೋಡಿದ ಲೂಯಿ ಬಿ. ಮೇಯರ್ ಎಂಬ ಘನ ನಿರ್ಮಾಪಕ, ನಿನಗೆ ಅನ್ನ ಕೊಟ್ಟ ಉದ್ಯಮಕ್ಕೇ ಮಸಿ ಬಳಿದೆಯಲ್ಲ ಎಂದು ಎಲ್ಲರೆದುರು ಕೂಗಾಡಿದನಂತೆ. ಈ ಮೇಯರ್ ಕೂಡ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ ಮಗುವಾಗಿದ್ದಾಗ ವಲಸೆ ಬಂದವನೇ! ಮೊದಲು ಬಂದವನು ಆಮೇಲೆ ಬಂದವನಿಗೆ ಅನ್ನದ ಋಣವನ್ನು ನೆನಪಿಸುವುದು ಎಲ್ಲ ದೇಶಗಳಲ್ಲಿಯೂ ನಡೆಯುವ ನಾಟಕ. ವೈಲ್ಡರ್ ಕೊಟ್ಟ ಉತ್ತರವನ್ನು ನಾನು ಇಲ್ಲಿ ಬರೆಯುವಂತಿಲ್ಲ. ಆದರೆ ಋಣವೆಂಬುದನ್ನು ಅವನು ಬೇರೆ ರೀತಿಯಲ್ಲಿ ತಿಳಿದಿದ್ದ ಎನ್ನಿಸುತ್ತದೆ. ಮೆಕ್ಸಿಕಾಲಿಯ ಅಧಿಕಾರಿ ಕೇಳಿದ್ದು ಒಳ್ಳೆಯದನ್ನು ಬರೆ ಎಂದು; ಹೊಗಳಿ ಬರೆ ಎಂದಲ್ಲ.

ಅದೇ ಬ್ರ್ಯಾಕೆಟ್ ಜೊತೆಗಿನ ಕೊನೆಯ ಚಿತ್ರ. ಆಮೇಲಿನ ಐವತ್ತರ ದಶಕದಲ್ಲಿ ಏಳುಬೀಳುಗಳಿದ್ದವು, ಅವನ್ನೆಲ್ಲ ಎಣಿಸುವುದಿಲ್ಲ. 1957ರಿಂದ ಅವನಿಗೆ ಹೊಸ ಜೊತೆಗಾರ ಸಿಕ್ಕ. ಹೆಸರು ಐ.ಎ.ಎಲ್. ಡೈಮಂಡ್. ಇಂದಿನ ಮಾಲ್ಡೋವಾ ದೇಶದಲ್ಲಿ ಹುಟ್ಟಿ, ಬಾಲಕನಾಗಿ ಅಮೆರಿಕಕ್ಕೆ ಬಂದವನು. ಕೂಗಾಡದ, ಮಿತಭಾಷಿ. ಇಬ್ಬರೂ ಕೂಡಿ ಹನ್ನೆರಡು ಚಿತ್ರಗಳನ್ನು ಬರೆದರು. 1959ರ 'ಸಮ್ ಲೈಕ್ ಇಟ್ ಹಾಟ್' ಅದರಲ್ಲೊಂದು. ಇಬ್ಬರು ಗಂಡಸರು ಹೆಣ್ಣುವೇಷ ತೊಟ್ಟು ಹೆಂಗಸರ ವಾದ್ಯತಂಡ ಸೇರುವ ಕಥೆ. ಇದನ್ನೇ ನಮ್ಮವರು 1975ರಲ್ಲಿ 'ರಫೂ ಚಕ್ಕರ್' ಎಂದು ಹಿಂದಿಯಲ್ಲಿ ತೆಗೆದರು, ನಿಮ್ಮ ತಂದೆತಾಯಂದಿರು ನೋಡಿದ್ದಾರು. ಪರಿಪೂರ್ಣರು ಯಾರಿದ್ದಾರೆ ಎಂಬರ್ಥದ ಅದರ ಕೊನೆಯ ಮಾತು ಜಗತ್ಪ್ರಸಿದ್ಧ. ಸದ್ಯಕ್ಕೆ ಇದಿರಲಿ, ಉತ್ತಮವಾದುದು ಹೊಳೆದ ಮೇಲೆ ಬದಲಾಯಿಸೋಣ ಎಂದುಕೊಂಡು ಇಬ್ಬರೂ ಅದನ್ನು ಹಾಗೆಯೇ ಬಿಟ್ಟಿದ್ದರಂತೆ. ಉತ್ತಮವಾದುದು ಹೊಳೆಯಲಿಲ್ಲ.

ನಾನು ವೈಲ್ಡರನ ಚಿತ್ರವನ್ನು ಮೊದಲು ನೋಡಿದ್ದು ಬೆಂಗಳೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ. ದಂಡು ಪ್ರದೇಶದ ಚಿತ್ರಮಂದಿರವೊಂದರಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಹಳೆಯ ಇಂಗ್ಲಿಷ್ ಚಿತ್ರಗಳನ್ನು ಹಾಕುತ್ತಿದ್ದರು. 1960ರ 'ದಿ ಅಪಾರ್ಟ್‌ಮೆಂಟ್' ಹಾಗೆ ಸಿಕ್ಕಿತು. ನ್ಯೂಯಾರ್ಕಿನ ವಿಮಾ ಕಂಪನಿಯ ಒಬ್ಬ ಗುಮಾಸ್ತ, ಬಡ್ತಿಯ ಆಸೆಗೆ, ತನ್ನ ಮೇಲಧಿಕಾರಿಗಳ ಗುಟ್ಟಿನ ಪ್ರಣಯಕ್ಕೆ ತನ್ನ ಕೋಣೆಯ ಬೀಗದ ಕೈ ಕೊಡುತ್ತಿರುತ್ತಾನೆ. ಅಧಿಕಾರಿಯಿಂದ ಮೋಸಹೋದ ಹುಡುಗಿಯೊಬ್ಬಳು ಆ ಕೋಣೆಯಲ್ಲೇ ಪ್ರಾಣ ಕಳೆದುಕೊಳ್ಳಲು ಹೋಗುತ್ತಾಳೆ. ಅವಳನ್ನೇ ಇವನೂ ಒಳಗೊಳಗೆ ಪ್ರೀತಿಸುತ್ತಿದ್ದಾನೆ. ಆ ಕಚೇರಿಯ ವಿಶಾಲವಾದ ಸಭಾಂಗಣದಲ್ಲಿ ಸಾಲು ಸಾಲು ಮೇಜುಗಳು ದಿಗಂತದವರೆಗೆ ಹೋದಂತೆ ಕಾಣುತ್ತವೆ. ಅದು ಕಣ್ಕಟ್ಟು. ಹಂಗೆರಿಯಲ್ಲಿ ಹುಟ್ಟಿ ಫ್ರಾನ್ಸಿಗೆ ವಲಸೆ ಹೋಗಿದ್ದ ಕಲಾ ನಿರ್ದೇಶಕ ಟ್ರೌನರ್, ಹಿಂದಕ್ಕೆ ಹೋದಂತೆಲ್ಲ ಮೇಜುಗಳನ್ನು ಸಣ್ಣದಾಗಿ ಮಾಡಿಸಿ, ಅದಕ್ಕೆ ತಕ್ಕಂತೆ ಗಿಡ್ಡನೆಯವರನ್ನು ಕೂರಿಸಿದ್ದ.

ಆ ಚಿತ್ರದ ಇಂಗ್ಲಿಷ್ ಕೇಳಬೇಕು. ಕಚೇರಿಯವರೆಲ್ಲ ಪ್ರತಿ ಮಾತಿಗೂ 'ವೈಸ್' ಎಂಬ ಬಾಲ ಸೇರಿಸುತ್ತಾರೆ. ಆಗಿನ ಅಮೆರಿಕದ ಕಚೇರಿಗಳ ಒಂದು ಚಟ ಅದು. ಆ ಸವೆದ ಮಾತನ್ನು ಹೊರಗಿನ ಕಿವಿ ಹಿಡಿದು, ಮತ್ತೆ ಮತ್ತೆ ಕುಟುಕಿ, ಮನುಷ್ಯರು ಹೇಗೆ ಕಂಪನಿಯ ಭಾಷೆಯನ್ನೇ ಉಸಿರಾಡುತ್ತಾರೆಂದು ತೋರಿಸುತ್ತದೆ. ಈ ಇಂಗ್ಲಿಷಿನ ನಟ್ಟನಡುವೆ ಒಂದು ಪರಭಾಷೆಯ ಪದ ಬರುತ್ತದೆ. ಪಕ್ಕದ ಮನೆಯ ಯೆಹೂದಿ ವೈದ್ಯ ಗುಮಾಸ್ತನನ್ನು ಗದರಿಸುತ್ತಾನೆ: 'ಮೆನ್ಶ್' ಆಗು. ಜರ್ಮನ್ನಿನಿಂದ ಯಿಡ್ಡಿಷ್ ಮಾತಿಗೆ ಬಂದ ಪದ, ಅರ್ಥ, ಮನುಷ್ಯ. ಚಿತ್ರದ ಕೊನೆಯಲ್ಲಿ ಗುಮಾಸ್ತ ಬೀಗದ ಕೈ ಕೊಡಲು ನಿರಾಕರಿಸಿ, ವೈದ್ಯರ ಸಲಹೆಯಂತೆ ಅದಾಗಲು ಹೊರಟಿದ್ದೇನೆ ಎಂದು ಅಧಿಕಾರಿಗೆ ಹೇಳಿ ಕೆಲಸ ಬಿಡುತ್ತಾನೆ. ಅಂದು ಚಿತ್ರಮಂದಿರದಲ್ಲಿ ನನಗೆ ಅರ್ಧ ಇಂಗ್ಲಿಷ್ ತಿಳಿಯಲಿಲ್ಲ, ಈ ಪದ ಮಾತ್ರ ನೇರವಾಗಿ ತಿಳಿಯಿತು. ನನ್ನ ಅಜ್ಜ ಬೈಯುತ್ತಿದ್ದುದೇ ಹಾಗೆ: "ಮೊದಲು ಮನುಷ್ಯನಾಗೋ!" ಜರ್ಮನ್ ಕೂಟಗಳಿಂದ ದೂರ ನಿಂತು, ಕಾಲು ಶತಮಾನ ಇಂಗ್ಲಿಷಿನಲ್ಲೇ ದುಡಿದವನು ಹೇಳಲೇಬೇಕಾದ ಮಾತು ಬಂದಾಗ ಮನೆಯ ಪದವನ್ನೇ ತೆಗೆದ. ಈ ಚಿತ್ರಕ್ಕೆ ಐದು ಆಸ್ಕರ್ ಬಂದವು, ಮೂರು ವೈಲ್ಡರನ ಕೈಗೇ.

ಮುಂದಿನ ವರ್ಷ ಬರ್ಲಿನ್ನಿನಲ್ಲಿ 'ಒನ್, ಟೂ, ಥ್ರೀ' ಎಂಬ ಹಾಸ್ಯಚಿತ್ರವನ್ನು ತೆಗೆಯುತ್ತಿದ್ದಾಗ, 1961ರ ಆಗಸ್ಟ್ 13ರಂದು ಬೆಳಗಾಗುವುದರೊಳಗೆ ಊರಿನ ಮಧ್ಯೆ ತಂತಿಬೇಲಿ ಎದ್ದಿತು. ಅದೇ ಮುಂದೆ ಬರ್ಲಿನ್ ಗೋಡೆಯಾಯಿತು. ಬ್ರ್ಯಾಂಡೆನ್‌ಬುರ್ಗ್ ದ್ವಾರದ ಬಳಿ ಹೋಗುವಂತಿಲ್ಲ. ಮ್ಯೂನಿಕ್‌ನಲ್ಲಿ ಅದರ ಪ್ರತಿಕೃತಿ ಕಟ್ಟಿಸಿ ಕೆಲಸ ಮುಗಿಸಿದರು. ಗಡಿಗಳು ಅವನನ್ನು ಬಿಡಲೇ ಇಲ್ಲ. ಅನಂತರದ ಚಿತ್ರಗಳಲ್ಲಿ ಕೆಲವು ಒಳ್ಳೆಯವಿದ್ದರೂ ಜನರ ರುಚಿ ಬೇರೆಯಾಗಿತ್ತು. 1981ರ ಚಿತ್ರವೇ ಕೊನೆಯದು. ಆಮೇಲೂ ಇಪ್ಪತ್ತು ವರ್ಷ ಬದುಕಿದ್ದ, ಬರೆಯಲು ದಿನವೂ ಕಚೇರಿಗೆ ಹೋಗುತ್ತಿದ್ದ, ಯಾರೂ ಚಿತ್ರ ಕೊಡಲಿಲ್ಲ. 2002ರ ಮಾರ್ಚ್ 27ರಂದು, 95ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಸಮಾಧಿಯ ಕಲ್ಲಿನ ಮೇಲೆ ನಿರ್ದೇಶಕ ಎಂದು ಕೆತ್ತಿಸಿಲ್ಲ. ನಾನೊಬ್ಬ ಬರಹಗಾರ ಎಂದಿದೆ, ಅದರ ಕೆಳಗೆ ಪರಿಪೂರ್ಣರು ಯಾರಿದ್ದಾರೆ ಎಂಬ ಆ ಹಳೆಯ ಮಾತು. ಭಾಷೆಯಾದರೋ ಮೆಕ್ಸಿಕಾಲಿಯಿಂದೀಚೆಗೆ ಕಲಿತದ್ದು.

ಚೆನ್ನೈನಿಂದ ಮಾತನಾಡಿದ ಹುಡುಗನ ವಿಮಾನ ಬರುವ ತಿಂಗಳಿದೆ. ಅವನ ತಾಯಿ ಇಲ್ಲಿಯೇ ಇರುತ್ತಾರೆ. ವಾರಕ್ಕೊಮ್ಮೆ ಹೋಗಿ ಮಾತನಾಡಿಸಿಕೊಂಡು ಬರುತ್ತೇನೆಂದು ಹೇಳಿದ್ದೇನೆ. ಮೊದಲು 'ದಿ ಅಪಾರ್ಟ್‌ಮೆಂಟ್' ನೋಡು, ಕಪ್ಪುಬಿಳುಪೆಂದು ಮೂಗು ಮುರಿಯಬೇಡ ಎಂದೂ ಹೇಳಿದ್ದೇನೆ. 'ಹೋಲ್ಡ್ ಬ್ಯಾಕ್ ದ ಡಾನ್' ಸಿಕ್ಕಿದರೆ ಅದನ್ನೂ ನೋಡಬಹುದು. ಆದರೆ ಜಿರಳೆಯನ್ನು ಹುಡುಕಬೇಡಿ, ಅದು ಅದರಲ್ಲಿಲ್ಲ.